ಹಳೆಯ ಸರಪಳಿ ಗರಗಸಕ್ಕೆ ಎಷ್ಟು ಬೆಲೆ ಕೊಡಬಹುದು?

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಕಡಿಯಲು, ನೆರಳು ಮರಗಳ ಕೊಂಬೆ ಸವರಲು ಪೆಟ್ರೋಲಿನ ಸರಪಳಿ ಗರಗಸ, ಅಂದರೆ ಆಳುಗಳ ಬಾಯಲ್ಲಿ ‘ಮರ ಕೊಯ್ಯೋ ಮೆಷಿನ್’, ಈಗ ಸಾಮಾನ್ಯವಾಗಿದೆ. ಹೊಸದಕ್ಕೆ ಹಣ ಸಾಲದ ಸಣ್ಣ ಬೆಳೆಗಾರರು ಬಳಸಿದ್ದನ್ನು ಕೊಳ್ಳುತ್ತಾರೆ. ಬಣ್ಣ ನೋಡಿ, ಸದ್ದು ಕೇಳಿ ಬೆಲೆ ಕಟ್ಟುವುದು ವಾಡಿಕೆ. ಇವೆರಡೂ ನಂಬತಕ್ಕವಲ್ಲ. ಬೆಲೆಯ ಬಹುಪಾಲು ಇರುವುದು ಪಿಸ್ಟನ್ ಮತ್ತು ಸಿಲಿಂಡರಿನಲ್ಲಿ.

ಇದು ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೆ ಆಧಾರ. 50ಕ್ಕೆ 1 ಎಂದು ಸೂಚಿಸಿರುವ ಯಂತ್ರಕ್ಕೆ ಲೀಟರಿಗೆ 20 ಮಿ.ಲೀ. ಎಣ್ಣೆ ಬೇಕು. ಯಾರೋ ಒಂದು ದಿನ ಅವಸರದಲ್ಲಿ ಬರೀ ಪೆಟ್ರೋಲು ಸುರಿದು ಓಡಿಸಿದರೂ ಸಾಕು, ಪಿಸ್ಟನ್ನಿನ ಮೈ ಗೀಚಿಹೋಗುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ಸೈಲೆನ್ಸರ್ ಬಿಚ್ಚಿ, ಹೊಗೆ ಹೊರಬರುವ ಕಿಂಡಿಗೆ ಟಾರ್ಚ್ ಹಿಡಿದು, ಸ್ಟಾರ್ಟರ್ ಹಗ್ಗವನ್ನು ಮೆಲ್ಲಗೆ ಎಳೆಯಿರಿ. ಪಿಸ್ಟನ್ ನುಣುಪಾಗಿದ್ದರೆ ಸರಿ; ಮೇಲಿಂದ ಕೆಳಕ್ಕೆ ಆಳವಾದ ಗೀರುಗಳಿದ್ದರೆ ಅದು ಬಿಡಿಭಾಗದ ಬೆಲೆಯ ಮಾಲು. ಮಾರುವವರು ಬಿಚ್ಚಲು ಒಪ್ಪದಿದ್ದರೆ ಮಾತು ಮುಂದುವರಿಸದಿರುವುದೇ ಲೇಸು.

ನೀವು ಹೋದಾಗ ಎಂಜಿನ್ ತಣ್ಣಗಿರಬೇಕು. ಬೆಚ್ಚಗಿದ್ದರೆ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆಂದು ತಿಳಿಯಿರಿ. ಹತ್ತು ನಿಮಿಷ ಮರ ಕೊಯ್ಸಿ, ನಿಲ್ಲಿಸಿ, ಬಿಸಿಯಲ್ಲೇ ಮತ್ತೆ ಚಾಲೂ ಮಾಡಿಸಿ.

ಚಾಲೂ ಆಗಲು ಸತಾಯಿಸುವ ಮೆಷಿನ್ನುಗಳೆಲ್ಲ ಕೆಟ್ಟವಲ್ಲ. ಎಥೆನಾಲ್ ಬೆರೆತ ಪೆಟ್ರೋಲನ್ನು ಟ್ಯಾಂಕಿನಲ್ಲೇ ಬಿಟ್ಟು ತಿಂಗಳುಗಟ್ಟಲೆ ಮೂಲೆಗಿಟ್ಟರೆ ಕಾರ್ಬುರೇಟರಿನ ತೆಳು ಪೊರೆ ಗಡುಸಾಗುತ್ತದೆ. ಇದು ಸಣ್ಣ ಖರ್ಚಿನ ರಿಪೇರಿ. ಪಿಸ್ಟನ್ ಚೆನ್ನಾಗಿದ್ದರೆ ಇಂಥದ್ದೇ ಲಾಭದ ವ್ಯಾಪಾರ.

ಸರಪಳಿಯ ಹಲ್ಲುಗಳು ಅರೆದು ಅರೆದು ಗುರುತಿನ ಗೆರೆ ಮುಟ್ಟಿವೆಯೇ, ಬಾರಿನ ಅಂಚು ಒಂದೇ ಕಡೆ ಸವೆದಿದೆಯೇ ನೋಡಿ. ಇವು ಹೇಗೂ ಸವೆಯತಕ್ಕ ಭಾಗಗಳು, ಚೌಕಾಸಿಗೆ ಸಾಕು. ಆದರೆ ಸರಪಳಿ ಬ್ರೇಕಿನ ಮಾತು ಬೇರೆ. ಮುಂದಿನ ಕೈಗಾಪನ್ನು ಮುಂದಕ್ಕೆ ತಳ್ಳಿದೊಡನೆ ಸರಪಳಿ ನಿಲ್ಲಲೇಬೇಕು. ಬಾರಿನ ತುದಿ ಮರಕ್ಕೆ ತಾಗಿದರೆ ಗರಗಸ ಕೆಲಸಗಾರನ ಮುಖದತ್ತ ಚಿಮ್ಮುತ್ತದೆ. ಬ್ರೇಕ್ ಹಿಡಿಯದ ಮೆಷಿನ್ನನ್ನು ಬಿಟ್ಟಿ ಕೊಟ್ಟರೂ, ರಿಪೇರಿಯಾಗುವ ತನಕ ಆಳಿನ ಕೈಗೆ ಕೊಡಬಾರದು.

ಇನ್ನು ಲೆಕ್ಕ. ಮಾರುವವರು ಅಂದು ಕೊಟ್ಟ ಬೆಲೆಯನ್ನಲ್ಲ, ಅದೇ ಮಾದರಿಗೆ ಇಂದಿನ ಅಂಗಡಿ ಬೆಲೆಯನ್ನು ಹಿಡಿಯಿರಿ. ಅದು 30,000 ರೂ. ಎಂದಿಟ್ಟುಕೊಳ್ಳೋಣ. ಎಂಜಿನ್ ಗಟ್ಟಿಯಾಗಿದ್ದರೆ ಅರ್ಧ, ಅಂದರೆ 15,000 ರೂ., ನನ್ನ ಅಭಿಪ್ರಾಯದಲ್ಲಿ ನ್ಯಾಯವಾದ ಮೇಲ್ಮಿತಿ. ಬಾರು, ಸರಪಳಿಗೆ 2,500, ಕಾರ್ಬುರೇಟರಿಗೆ 1,000 ತಗಲುವುದಾದರೆ ಅವನ್ನು ಕಳೆದು 11,500 ರೂ. ಕೇಳಬಹುದು. ನಿಮ್ಮ ಪೇಟೆಯಲ್ಲಿ ಬಿಡಿಭಾಗ ಸಿಗದ ಮಾದರಿಯಾದರೆ ಈ ಲೆಕ್ಕವೇ ನಡೆಯದು. ಮೊದಲು ರಿಪೇರಿ ಅಂಗಡಿಯಲ್ಲಿ ವಿಚಾರಿಸಿ, ಆಮೇಲೆ ಮೆಷಿನ್ ನೋಡಲು ಹೋಗಿ.