ಅಕ್ಷರದ ಮನೆಗೆ ಬಂದ ಅತಿಥಿಗಳು

ಆ ಮನೆಗೆ ಹೆಬ್ಬಾಗಿಲಿನಿಂದ ಪ್ರವೇಶವಿಲ್ಲ. ಹೊಸಬನು ಮೊದಲು ಕಣ್ದೆರೆಯುವುದು ಕೋಟುಗಳನ್ನು ತೂಗುಹಾಕುವ ಇಕ್ಕಟ್ಟಾದ ಕತ್ತಲೆಕೋಣೆಯೊಂದರಲ್ಲಿ. ಅದರ ಬಾಗಿಲನ್ನು ತಳ್ಳಿಕೊಂಡು ಬಂದರೆ ವಿಶಾಲವಾದ ನಡುಮನೆ. ಅಲ್ಲೊಂದು ಬೆಂಕಿಗೂಡು, ಹೊತ್ತುಗೊತ್ತಿಲ್ಲದೆ ಕಿರಿಚುವ ಒಂದು ಕಾಕಟೂ ಪಕ್ಷಿ, ಸುತ್ತಲೂ ಹರಟೆಯಲ್ಲಿ ಮುಳುಗಿದ ಮಂದಿ. ಇದಕ್ಕೆ ಇಟ್ಟಿಗೆಯಿಲ್ಲ, ಗಾರೆಯಿಲ್ಲ; ಬರೆದ ಚಿತ್ರವೂ ಇಲ್ಲ. ಎಲ್ಲವೂ ಕಂಪ್ಯೂಟರಿನ ಪರದೆಯ ಮೇಲೆ ಮೂಡುವ ಅಕ್ಷರಗಳು.

ಮನೆಯ ಹೆಸರು ಲ್ಯಾಂಬ್ಡಾಮೂ. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿದ್ದ ಝೆರಾಕ್ಸ್ ಸಂಶೋಧನಾಲಯದ ಪಾವೆಲ್ ಕರ್ಟಿಸ್ ಅವರು 1990ರ ಸುಮಾರಿಗೆ ತಮ್ಮ ಸ್ವಂತ ಮನೆಯ ನಕ್ಷೆಯನ್ನೇ ಆಧಾರವಾಗಿಟ್ಟುಕೊಂಡು ಇದನ್ನು ಕಟ್ಟಿದರು. ಇಂಥ ಆಟಗಳಿಗೆ ಮೂಲಪುರುಷರು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿದ್ದ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್. ಅವರ ಆಟ 1978ರಷ್ಟು ಹಿಂದಿನದು. ಅಲ್ಲಿ ನಿಧಿಯನ್ನು ಅರಸುವುದೇ ಮುಖ್ಯವಾಗಿದ್ದರೆ, ಇಲ್ಲಿ ಗೆಲ್ಲುವ ಸೋಲುವ ಗೊಡವೆಯಿಲ್ಲ. ಒಂದು ಹೆಸರನ್ನಿಟ್ಟುಕೊಂಡು, ಒಂದು ರೂಪವನ್ನು ಕಲ್ಪಿಸಿಕೊಂಡು, ಆ ವೇಷದಲ್ಲಿ ನಾಲ್ಕು ಜನರೊಡನೆ ಬಾಳುವುದೇ ಆಟ. ಗಂಡಸು ಹೆಂಗಸಾಗಬಹುದು, ಹೆಂಗಸು ಗಂಡಸಾಗಬಹುದು, ಎರಡೂ ಬೇಡವೆಂದವರು ಇನ್ನೇನಾದರೂ ಆಗಬಹುದು.

ಹೆಸರನ್ನು ನೋಂದಾಯಿಸಲು ಇಷ್ಟವಿಲ್ಲದವರಿಗೂ ಪ್ರವೇಶವಿತ್ತು. ಅವರು ಅತಿಥಿಗಳು. ಬಣ್ಣವೊಂದರ ಹೆಸರು ಹೊತ್ತ ಅಂಗಿಯನ್ನು ತೊಟ್ಟಂತೆ ‘ಹಸುರು ಅತಿಥಿ’, ‘ನೀಲಿ ಅತಿಥಿ’ ಎಂಬ ಬಗೆಯಲ್ಲಿ ಅವರು ಒಳಬರುತ್ತಿದ್ದರು. ತಿಥಿಯನ್ನು ನೋಡದೆ ಬರುವವನೇ ಅತಿಥಿ ಎಂದು ನಮ್ಮ ಹಿರಿಯರು ಅರ್ಥ ಹೇಳಿದ್ದುಂಟು. ಬಂದವನು ಹೊರಡುವ ತಿಥಿಯನ್ನೂ ನೋಡದಿದ್ದರೆ ಮಾಡತಕ್ಕದ್ದೇನು? ಅತಿಥಿಗಳಲ್ಲಿ ಹೆಚ್ಚಿನವರು ಕೇವಲ ಅರಿಯದವರು. ಕೂಗಾಡಬಾರದು, ಕದ್ದು ಕೇಳಬಾರದು, ಇನ್ನೊಬ್ಬನು ಆಡಿದನೆಂಬಂತೆ ಮಾತನ್ನು ಹುಟ್ಟಿಸಬಾರದು ಎಂಬ ಮನೆಯ ಮರ್ಯಾದೆಗಳನ್ನು ಹೇಳಿಕೊಟ್ಟರೆ ಕಲಿಯುತ್ತಿದ್ದರು. ಹೆಣ್ಣು ಹೆಸರನ್ನು ಕಂಡೊಡನೆ ಬೆನ್ನುಹತ್ತಿ, “ನೀನು ನಿಜವಾಗಿಯೂ ಹೆಂಗಸೇ?” ಎಂದು ಪೀಡಿಸುವವರದು ಬೇರೆ ಜಾತಿ. ಅವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಕಳೆದುಕೊಳ್ಳಲು ಹೆಸರೇ ಇಲ್ಲದವನು ಕೆಟ್ಟ ಹೆಸರಿಗೆ ಅಂಜುವುದೆಂತು?

ಕಿವಿ ಮುಚ್ಚಿಕೊಳ್ಳುವ ಉಪಾಯವೊಂದು ಇತ್ತು. ಒಂದು ಆಜ್ಞೆಯನ್ನು ಕೊಟ್ಟರೆ ಪೀಡಕನ ಮಾತು ಕೊಟ್ಟವರ ಪರದೆಯ ಮೇಲೆ ಮೂಡುತ್ತಿರಲಿಲ್ಲ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲರೂ ಅದನ್ನು ಓದುತ್ತಲೇ ಇರುತ್ತಿದ್ದರು. ನಿಂದೆಯನ್ನು ತಾನು ಕೇಳದಿದ್ದ ಮಾತ್ರಕ್ಕೆ ಬೀದಿಯಲ್ಲಿ ಹೋದ ಮಾನ ಹಿಂತಿರುಗುವುದಿಲ್ಲ.

ಮೊದಮೊದಲು ಇಂಥ ಜಗಳಗಳನ್ನು ಬಗೆಹರಿಸುತ್ತಿದ್ದವರು ‘ಮಾಂತ್ರಿಕ’ರೆಂದು ಕರೆಸಿಕೊಳ್ಳುತ್ತಿದ್ದ ನಿರ್ವಾಹಕರು. ದಿನಬೆಳಗಾದರೆ ದೂರು ಕೇಳಿ ಬೇಸತ್ತ ಅವರು 1992ರ ಡಿಸೆಂಬರಿನಲ್ಲಿ ಒಂದು ಪ್ರಕಟಣೆಯನ್ನು ಹೊರಡಿಸಿದರು: ಇನ್ನು ತಾವು ಯಂತ್ರವನ್ನು ಮಾತ್ರ ನೋಡಿಕೊಳ್ಳುವವರು, ಮನೆಯ ವ್ಯಾಜ್ಯ ಮನೆಯವರಿಗೆ ಸೇರಿದ್ದು, ಎಂದು. ಯಜಮಾನರು ಜಗಲಿಗೆ ಹೋಗಿ ಕುಳಿತರು. ಒಳಗೆ ಸಾವಿರಕ್ಕೂ ಮಿಕ್ಕಿದ ಸದಸ್ಯರಿದ್ದರು, ನ್ಯಾಯಸ್ಥಾನವಿರಲಿಲ್ಲ.

ಕೆಲವೇ ತಿಂಗಳುಗಳಲ್ಲಿ, 1993ರ ಒಂದು ಸೋಮವಾರ ರಾತ್ರಿ, ಮಿಸ್ಟರ್ ಬಂಗಲ್ ಎಂಬ ವಿದೂಷಕವೇಷದ ಪಾತ್ರವೊಂದು ನಡುಮನೆಗೆ ಬಂದಿತು. ಇವನು ಅತಿಥಿಯಲ್ಲ, ಹೆಸರು ಬರೆಸಿದ್ದವನೇ. ಮಾಟದ ಬೊಂಬೆಯೆಂಬ ಉಪಾಯದಿಂದ ಇತರ ಪಾತ್ರಗಳ ಹೆಸರಿನಲ್ಲಿ ತಾನೇ ವಾಕ್ಯಗಳನ್ನು ಹುಟ್ಟಿಸಿ, ಅವರು ಎಲ್ಲರೆದುರಿಗೆ ಹೇಯವಾದ ಕಾಮಕೃತ್ಯಗಳಲ್ಲಿ ತೊಡಗಿರುವಂತೆ ತೋರಿಸಿದ. ಪೀಡಿತರಲ್ಲೊಬ್ಬಳು ಮರುದಿನ ಸಾರ್ವಜನಿಕವಾಗಿ ಪ್ರತಿಭಟಿಸಿ ಬರೆದಳು. ಹಾಗೆ ಬರೆಯುವಾಗ ಆಕೆಯ ನಿಜವಾದ ಕಣ್ಣುಗಳಲ್ಲಿ ನಿಜವಾದ ನೀರು ಹರಿಯುತ್ತಿತ್ತೆಂದು, ಈ ಪ್ರಸಂಗವನ್ನು ಅದೇ ವರ್ಷ ಪತ್ರಿಕೆಯಲ್ಲಿ ನಿರೂಪಿಸಿದ ಜೂಲಿಯನ್ ಡಿಬ್ಬೆಲ್ ದಾಖಲಿಸಿದ್ದಾರೆ. ಬರಿಯ ಅಕ್ಷರಗಳಿಗೆ ಇಷ್ಟೇಕೆ ಎಂದು ನಗುವವರು ಸುಳ್ಳು ಸುದ್ದಿಯ ಆಕಾಶರಾಮಣ್ಣನ ಪತ್ರವೊಂದನ್ನು ಎಂದೂ ಪಡೆದಿರಲಾರರು.

“ಅವನನ್ನು ಕಪ್ಪೆಯಾಗಿಸಿ” ಎಂದು ಕೂಗೆದ್ದಿತು. ಹಳೆಯ ಆಟಗಳಲ್ಲಿ ತಪ್ಪಿತಸ್ಥರನ್ನು ಮಾಂತ್ರಿಕರು ಕಪ್ಪೆಯಾಗುವಂತೆ ಶಪಿಸುತ್ತಿದ್ದರು. ಇಲ್ಲಿ ಆ ಶಾಪಕ್ಕೆ ಪಾತ್ರವನ್ನೇ ಅಳಿಸಿಹಾಕುವುದೆಂದು ಅರ್ಥ. ಮೂರನೆಯ ದಿನ ಸಭೆ ಸೇರಿತು. ಮರಣದಂಡನೆಯಂಥ ಈ ಶಿಕ್ಷೆಯನ್ನು ವಿಧಿಸಲು ಅಧಿಕಾರ ಯಾರದು? ಕಾನೂನೇ ಇಲ್ಲದಲ್ಲಿ ಅಪರಾಧವುಂಟೇ? ಚರ್ಚೆ ಗಂಟೆಗಟ್ಟಲೆ ನಡೆಯಿತು. ನಡುವೆ ಬಂಗಲ್ ತಾನೇ ಬಂದು, ಇದೆಲ್ಲ ಒಂದು ಮಾನಸಿಕ ಪ್ರಯೋಗವೆಂಬಂತೆ ಮಾತನಾಡಿ ಹೋದ. ತೀರ್ಮಾನ ಮಾತ್ರ ಹುಟ್ಟಲಿಲ್ಲ. ಸಭೆ ಚದುರಿದ ಮೇಲೆ ಒಬ್ಬ ಮಾಂತ್ರಿಕನು ಒಂಟಿಯಾಗಿ ಕುಳಿತು ಯೋಚಿಸಿ, ಯಾರನ್ನೂ ಕೇಳದೆ ಬಂಗಲ್‌ನನ್ನು ಅಳಿಸಿಬಿಟ್ಟ. ಬಹುಮಂದಿಗೆ ನೆಮ್ಮದಿಯಾಯಿತು, ಕೆಲವರಿಗೆ ಅದೇ ಭಯವೂ ಆಯಿತು.

ಪ್ರವಾಸದಿಂದ ಹಿಂತಿರುಗಿದ ಕರ್ಟಿಸ್ ಅವರು ಮನವಿ ಮತ್ತು ಮತದಾನದ ಏರ್ಪಾಟನ್ನು ಜಾರಿಗೆ ತಂದರು. ಜನರು ಬಹುಮತದಿಂದ ಬೇಡಿದ್ದನ್ನು ಮಾಂತ್ರಿಕರು ನಡೆಸಿಕೊಡತಕ್ಕದ್ದು. ಆ ಕಾಲದ ಸುಧಾರಣೆಗಳಲ್ಲಿ ವ್ಯಾಜ್ಯಗಳಿಗೆ ಮಧ್ಯಸ್ಥರ ವ್ಯವಸ್ಥೆಯೊಂದು, ಕಾಡುವ ಅತಿಥಿಯನ್ನು ತಾತ್ಕಾಲಿಕವಾಗಿ ಹೊರದೂಡುವ ಆಜ್ಞೆ ಇನ್ನೊಂದು. ತಾತ್ಕಾಲಿಕವೆಂಬಲ್ಲಿಯೇ ವಿವೇಕವಿದೆ. ಅರಿಯದೆ ತಪ್ಪಿದವನು ಹೊರಗೆ ನಿಂತು ಯೋಚಿಸಿ ಮರಳಿ ಬರಬಹುದು. ಕೇಡಿಗನ ಒಂದು ಸಂಜೆಯಾದರೂ ಹಾಳಾಗುತ್ತದೆ.

ಆದರೆ ಬಂಗಲ್‌ನ ಕಥೆ ಅಳಿಸುವಿಕೆಯಿಂದ ಮುಗಿಯಲಿಲ್ಲ. ಸ್ವಲ್ಪ ದಿನಗಳಲ್ಲೇ ಡಾಕ್ಟರ್ ಜೆಸ್ಟ್ ಎಂಬ ಹೊಸಬನೊಬ್ಬ ಕಾಣಿಸಿಕೊಂಡ. ಅವನ ಬಳಿ ಒಂದು ಜಾಡಿ. ಜಾಡಿಯೊಳಗೆ ಸತ್ತ ಬಂಗಲ್‌ನ ಪುಟ್ಟ ಪ್ರತಿಮೆ! ವೇಷ ಬದಲಾಗಿತ್ತೇ ಹೊರತು ಆಳು ಅವನೇ ಎಂಬುದನ್ನು ಮನೆಯವರು ಬೇಗನೆ ಗುರುತಿಸಿದರು. ಈ ಸಲ ಯಾರೂ ಮರಣದಂಡನೆಗೆ ಕೂಗಲಿಲ್ಲ. ಅವನೂ ಮೊದಲಿನಷ್ಟು ಉಪದ್ರವ ಕೊಡಲಿಲ್ಲ.

1996ರ ಮೇ ತಿಂಗಳಲ್ಲಿ ಮಾಂತ್ರಿಕರು ಮತ್ತೊಂದು ಪ್ರಕಟಣೆಯನ್ನು ಹೊರಡಿಸಿದರು. ಯಂತ್ರದ ಕೆಲಸವನ್ನು ಜನರ ವ್ಯವಹಾರದಿಂದ ಬೇರ್ಪಡಿಸುವುದು ತಮ್ಮಿಂದಾಗದು, ಆದುದರಿಂದ ಇನ್ನು ಮುಂದೆ ತಾವೂ ಇಂಥ ವಿಷಯಗಳಲ್ಲಿ ಕೈಹಾಕುವೆವು ಎಂಬುದು ಅದರ ಸಾರ. ಬೀಗದಕೈ ಗೊಂಚಲು ಮೂರು ವರ್ಷಕ್ಕೂ ಮಿಕ್ಕಿ ಜಗಲಿಯ ಮೇಲೆ ಬಿದ್ದಿದ್ದು, ಪುನಃ ಯಜಮಾನರ ಸೊಂಟವನ್ನು ಸೇರಿತು. ಕೋಟಿನ ಕೋಣೆಯ ಬಾಗಿಲಿಗೆ ಮಾತ್ರ ಬೀಗ ಬೀಳಲಿಲ್ಲ. ಬಣ್ಣಬಣ್ಣದ ಅತಿಥಿಗಳು ಬರುತ್ತಲೇ ಇದ್ದರು.