ಪಚ್ಚೆ ಕೊರಕವೂ ಸರ್ಕಾರದ ಬೇಲಿಯೂ

ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಮಳೆಗಾಲ ಕಾಲಿಟ್ಟೊಡನೆ ಹುಡುಗರು ಜೀರ್ಜಿಂಬೆಗಳನ್ನು ಹಿಡಿದು, ಬೆಂಕಿಪೆಟ್ಟಿಗೆಯೊಳಗೆ ಎಳೆಯ ಜಾಲಿಸೊಪ್ಪನ್ನು ಹಾಸಿ ಸಾಕುವುದನ್ನು ವಾಚಕರು ಕಂಡಿರಬಹುದು. ಹಲವರು ತಾವೇ ಸಾಕಿಯೂ ಇರಬಹುದು. ಅದರ ಬೆನ್ನಿನ ಹೊಳಪು ಯಾವ ವರ್ಣದ್ರವ್ಯದಿಂದಲೂ ಬಂದುದಲ್ಲ. ರೆಕ್ಕೆಯ ಗಡಸು ಕವಚದಲ್ಲಿ ಅತಿ ತೆಳುವಾದ ಪದರಗಳು ಒಂದರ ಮೇಲೊಂದಿದ್ದು, ಅವುಗಳಿಂದ ಪ್ರತಿಫಲಿಸಿದ ಬೆಳಕಿನ ಅಲೆಗಳು ಪರಸ್ಪರ ಕೂಡಿದಾಗ ಹಸುರು ಬಲಗೊಂಡು ಕಣ್ಣಿಗೆ ಬೀಳುತ್ತದೆ. ನೀರಿನ ಮೇಲಣ ಎಣ್ಣೆಯ ಪೊರೆ ಬಣ್ಣ ತೋರುವುದೂ ಇದೇ ನಿಯಮದಿಂದಲೇ.

ಈ ಜೀರ್ಜಿಂಬೆಯ ಕುಟುಂಬಕ್ಕೇ ಸೇರಿದ, ಸುಮಾರು ಅರ್ಧ ಅಂಗುಲ ಉದ್ದದ ಹಸುರು ಕೀಟವೊಂದು ಉತ್ತರ ಅಮೆರಿಕದಲ್ಲಿ ಕೋಟ್ಯಂತರ ಮರಗಳನ್ನು ಕೊಂದಿದೆ. ಅದನ್ನು ತಡೆಯಲು ಅಮೆರಿಕದ ಕೇಂದ್ರ ಸರ್ಕಾರ ಹದಿನೇಳು ವರ್ಷ ಕಾನೂನಿನ ಬೇಲಿಯನ್ನು ಕಾಯ್ದು, ಕೊನೆಗೆ ತಾನೇ ಅದನ್ನು ಕಿತ್ತುಹಾಕಿತು. ಹೀಗೇಕಾಯಿತೆಂಬುದು ವಿಚಾರಾರ್ಹವಾಗಿದೆ.

ಕೀಟದ ಹೆಸರು ‘ಎಮರಾಲ್ಡ್ ಆಷ್ ಬೋರರ್’. ನಾವು ಪಚ್ಚೆ ಕೊರಕವೆನ್ನೋಣ. ತವರು ಚೀನಾ, ಕೊರಿಯಾ ಮತ್ತು ರಷ್ಯದ ಪೂರ್ವದಂಚು. ಅದರ ಆಹಾರ ಆಷ್ ಮರ. ಈ ಮರ ನಮ್ಮ ಮಲ್ಲಿಗೆಯ ಕುಟುಂಬಕ್ಕೆ ಸೇರಿದ್ದೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಅಮೆರಿಕದಲ್ಲಿ ಬೇಸ್‌ಬಾಲ್ ದಾಂಡಿಗೂ ಸಲಿಕೆ ಗುದ್ದಲಿಗಳ ಹಿಡಿಗೂ ಇದರದೇ ಮರ. ಕಪ್ಪು ಆಷ್‌ನ ಸೀಳುಗಳಿಂದ ಬುಟ್ಟಿ ಹೆಣೆಯುವುದು ಅಲ್ಲಿನ ಮೂಲನಿವಾಸಿಗಳ ಪರಂಪರೆಯ ಕಸುಬು. ಇಪ್ಪತ್ತನೆಯ ಶತಮಾನದಲ್ಲಿ ಶಿಲೀಂಧ್ರರೋಗವೊಂದು ಬೀದಿಬೀದಿಯ ಎಲ್ಮ್ ಮರಗಳನ್ನು ನಿರ್ಮೂಲ ಮಾಡಿದಾಗ, ಹಲವು ನಗರಗಳವರು ಆ ಜಾಗದಲ್ಲಿ ಸಾಲುಸಾಲಾಗಿ ಆಷ್ ನೆಟ್ಟರು. ಒಂದೇ ಜಾತಿಯನ್ನು ನಂಬಿ ಕೆಟ್ಟವರು ಮತ್ತೆ ಒಂದೇ ಜಾತಿಯನ್ನು ನಂಬಿದರು!

ಪ್ರೌಢ ಕೀಟ ಎಲೆಯನ್ನು ಮೇಯುವುದರಿಂದ ಆಗುವ ಹಾನಿ ಅಲ್ಪ. ಕೊಲೆಗಾರ ಅದರ ಮರಿಹುಳು. ತೊಗಟೆಯ ಬಿರುಕಿನಲ್ಲಿಟ್ಟ ಮೊಟ್ಟೆಯೊಡೆದು ಬಂದ ಹುಳು ಒಳಗೆ ಕೊರೆದು, ಎಲೆಯಲ್ಲಿ ತಯಾರಾದ ಆಹಾರ ಬೇರಿಗಿಳಿಯುವ ಪದರದಲ್ಲಿ ಹಾವಿನಂತೆ ಡೊಂಕುಡೊಂಕಾಗಿ ಸುರಂಗ ತೋಡುತ್ತದೆ. ಸುರಂಗಗಳು ಕಾಂಡವನ್ನು ಸುತ್ತುವರಿದರೆ ಬೇರು ಉಪವಾಸ ಬಿದ್ದು, ಮರ ಕೆಲವೇ ವರ್ಷಗಳಲ್ಲಿ ಸಾಯುತ್ತದೆ. ಏಷ್ಯದ ಆಷ್ ಜಾತಿಗಳು ಈ ಹುಳುವಿನೊಡನೆ ದೀರ್ಘಕಾಲ ಬಾಳಿ ತಕ್ಕ ರಕ್ಷಣೆಯನ್ನು ಪಡೆದಿವೆ, ಅಮೆರಿಕದವು ಪಡೆದಿರಲಿಲ್ಲ.

ಡೆಟ್ರಾಯಿಟ್ ನಗರದ ಸುತ್ತಿನಲ್ಲಿ ಮರಗಳು ಒಣಗುತ್ತಿದ್ದುದನ್ನು ಜನ ಮೊದಲು ಬೇರೊಂದು ರೋಗವೆಂದೇ ಭಾವಿಸಿದ್ದರು. ೨೦೦೨ರಲ್ಲಿ ಕೀಟ ಕೈಗೆ ಸಿಕ್ಕಿತು. ಅದನ್ನು ಗುರುತಿಸಿದುದು ದೂರದ ಸ್ಲೊವಾಕಿಯದ ಒಬ್ಬ ತಜ್ಞರು. ಅನಂತರ ವಿಜ್ಞಾನಿಗಳು ಸತ್ತ ಮರಗಳ ವಾರ್ಷಿಕ ಉಂಗುರಗಳನ್ನು ಹೋಲಿಸಿ ನೋಡಲಾಗಿ, ೧೯೯೦ರ ದಶಕದ ಮೊದಲರ್ಧದಲ್ಲೇ ಕೀಟ ಬಂದು ನೆಲೆಸಿದ್ದಿರಬೇಕೆಂದು ತಿಳಿದುಬಂದಿತು. ಬಹುಶಃ ಸರಕಿನ ಮರದ ಪೆಟ್ಟಿಗೆಗಳೇ ಅದರ ವಾಹನ.

ಈ ನಡುವಣ ವರ್ಷಗಳ ಬೆಲೆಯೆಷ್ಟು? ಲೆಕ್ಕಕ್ಕಾಗಿ ಮಾತ್ರ, ಕೀಟಗಳ ಸಂಖ್ಯೆ ವರ್ಷಕ್ಕೆ ಐದು ಮಡಿಯಾಗುವುದೆಂದು ಇಟ್ಟುಕೊಳ್ಳೋಣ. ಒಂದು ಜೋಡಿ ಎರಡು ವರ್ಷಕ್ಕೆ ೨೫ ಜೋಡಿ, ನಾಲ್ಕಕ್ಕೆ ೬೨೫, ಎಂಟಕ್ಕೆ ೩,೯೦,೬೨೫. ಎರಡನೆಯ ವರ್ಷ ಹತ್ತಾರು ಮರ ಕಡಿದು ಮುಗಿಯಬಹುದಾದ ಕೆಲಸ ಎಂಟನೆಯ ವರ್ಷಕ್ಕೆ ಯಾವ ಸರ್ಕಾರದ ಕೊಡಲಿಗೂ ನಿಲುಕದು.

ಆದರೂ ಸರ್ಕಾರಗಳು ಸುಮ್ಮನಿರಲಿಲ್ಲ. ಮಿಷಿಗನ್ ರಾಜ್ಯ ೨೦೦೨ರಲ್ಲೇ ಆಷ್ ಮರ, ಸೌದೆ, ಸಸಿಗಳ ಸಾಗಾಟವನ್ನು ನಿರ್ಬಂಧಿಸಿತು. ಕೇಂದ್ರದ ನಿರ್ಬಂಧ ೨೦೦೩ರ ಅಕ್ಟೋಬರಿನಲ್ಲಿ ಬಂದಿತು. ಹೊಸ ಸೋಂಕು ಕಂಡೆಡೆ ಅರ್ಧ ಮೈಲಿ ಸುತ್ತಿನ ಆಷ್ ಮರಗಳನ್ನೆಲ್ಲ, ರೋಗವಿರಲಿ ಬಿಡಲಿ, ಉರುಳಿಸುವ ಕ್ರಮವನ್ನು ಹಲವೆಡೆ ನಡೆಸಿದರು. ಗಡಿಯಾಚೆ ಕೆನಡ ೨೦೦೪ರಲ್ಲಿ ಎರಡು ಸರೋವರಗಳ ನಡುವೆ ಹತ್ತು ಕಿಲೋಮೀಟರು ಅಗಲದ ಪಟ್ಟಿಯನ್ನು ಆಷ್‌ರಹಿತವಾಗಿಸಿತು. ತನ್ನ ಅಂಗಳದ ಹಸುರು ಮರವನ್ನು ಸರ್ಕಾರಿ ಆಳುಗಳು ಕಡಿಯುವುದನ್ನು ನೋಡುವ ಗೃಹಸ್ಥನ ಸಂಕಟವನ್ನು ಊಹಿಸಬಹುದು. ಇಷ್ಟಾದರೂ ಕೀಟ ಪಟ್ಟಿಯನ್ನು ದಾಟಿಯೇ ಬಿಟ್ಟಿತು. ಕೆಲವು ಹೆಣ್ಣುಕೀಟಗಳು ಹತ್ತು ಕಿಲೋಮೀಟರಿಗೂ ಮಿಕ್ಕಿ ಹಾರಬಲ್ಲವು. ಅದಕ್ಕಿಂತ ಹೆಚ್ಚಾಗಿ, ರಜೆಗೆಂದು ಕಾಡಿಗೆ ಹೋಗುವವರ ಮೋಟಾರಿನಲ್ಲಿ ಸೌದೆಯೊಡನೆ ನೂರಾರು ಮೈಲಿ ಸವಾರಿ ಹೋಗಬಲ್ಲವು.

ಸೌದೆಯನ್ನು ಕಾಯಿಸಿ ಹುಳುವನ್ನು ಕೊಲ್ಲಬಾರದೇ? ಕೊಲ್ಲಬಹುದು. ಸರಕಿನ ಮರದ ಪೆಟ್ಟಿಗೆಗಳಿಗೆ ೨೦೦೨ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ನಿಯಮ ಅದನ್ನೇ ಹೇಳುತ್ತದೆ: ಮರದ ಮಧ್ಯಭಾಗವೂ ೫೬ ಡಿಗ್ರಿ ಸೆಂಟಿಗ್ರೇಡಿನಲ್ಲಿ ಎಡೆಬಿಡದೆ ೩೦ ನಿಮಿಷವಿರಬೇಕು. ‘ಮಧ್ಯಭಾಗ’ ಎಂಬ ಮಾತಿನಲ್ಲೇ ತೊಡಕಿರುವುದು. ಮರ ಉಷ್ಣವಾಹಕವಲ್ಲ, ಶಾಖ ನಡುವಿಗೆ ತಲಪುವ ಕಾಲ ದಪ್ಪದ ವರ್ಗಕ್ಕನುಸಾರವಾಗಿ ಬೆಳೆಯುತ್ತದೆ. ದಪ್ಪ ಎರಡರಷ್ಟಾದರೆ ಕಾಲ ನಾಲ್ಕರಷ್ಟು. ಕಾರ್ಖಾನೆಗೆ ಇದು ಸಾಧ್ಯ, ಮನೆಮನೆಯ ಸೌದೆಗಲ್ಲ. ಪರದೇಶದಿಂದ ನಮ್ಮಲ್ಲಿಗೆ ಬರುವ ಮರದ ಪೆಟ್ಟಿಗೆಗಳ ಮೇಲೂ ತೆನೆಯ ಚಿಹ್ನೆ ಮತ್ತು ‘ಎಚ್.ಟಿ.’ ಎಂಬ ಅಕ್ಷರಗಳ ಮುದ್ರೆ ಕಂಡರೆ, ಅದು ಈ ಉಷ್ಣೋಪಚಾರದ ಗುರುತು.

ಬೇಲಿ ಎಂದೂ ಫಲಿಸದೆನ್ನುವಂತಿಲ್ಲ. ಷಿಕಾಗೋ ನಗರದಲ್ಲಿ ೧೯೯೮ರಲ್ಲಿ ಏಷ್ಯದ್ದೇ ಆದ ಉದ್ದ ಮೀಸೆಯ ಇನ್ನೊಂದು ಕೊರಕ ಕಂಡುಬಂದಿತು. ಸುಮಾರು ೧,೫೦೦ ಮರಗಳನ್ನು ಕಡಿದು, ಉಳಿದವಕ್ಕೆ ಔಷಧ ಕೊಟ್ಟು, ೨೦೦೮ರಲ್ಲಿ ಅದು ನಿರ್ಮೂಲವಾಯಿತೆಂದು ಸಾರಿದರು. ಆ ಕೀಟ ದೊಡ್ಡದು. ಕಿರುಬೆರಳು ತೂರುವಷ್ಟು ದುಂಡು ರಂಧ್ರ ಮಾಡುತ್ತದೆ, ನಿಧಾನವಾಗಿ ಹರಡುತ್ತದೆ. ಪಚ್ಚೆ ಕೊರಕದ ರಂಧ್ರವೋ ಅರ್ಧಚಂದ್ರಾಕಾರದ್ದು, ಮೂರು ನಾಲ್ಕು ಮಿಲಿಮೀಟರಿನದು. ಸಾಮಾನ್ಯವಾಗಿ ಮೊದಲು ಆಗುವುದು ಮರದ ನೆತ್ತಿಯಲ್ಲಿ. ಅದನ್ನು ಪತ್ತೆಮಾಡಲು ಅಂಟು ಬಳಿದ ನೇರಿಳೆಬಣ್ಣದ ಮೂರು ಮುಖದ ಬಲೆಗಳನ್ನು ಸಾವಿರಾರು ಸಂಖ್ಯೆಯಲ್ಲಿ ತೂಗುಹಾಕಿದರು. ಆದರೆ ಬಲೆಗೆ ಬೀಳುವಷ್ಟು ಕೀಟಗಳಾಗುವ ಹೊತ್ತಿಗೆ ಸೋಂಕು ಹಳತಾಗಿರುತ್ತಿದ್ದಿತು.

ಕೊನೆಗೆ ೨೦೨೧ರ ಜನವರಿ ೧೪ರಂದು ಕೇಂದ್ರದ ನಿರ್ಬಂಧ ರದ್ದಾಯಿತು. ಆ ವೇಳೆಗೆ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಕೀಟವಿದ್ದಿತು. ಮೇಲ್ನೋಟಕ್ಕಿದು ಸೋಲೊಪ್ಪಿಗೆ. ನನ್ನ ಮಟ್ಟಿಗೆ ಇದು ತಡವಾಗಿ ಬಂದ ವಿವೇಕ. ಬೇಲಿಯ ಹಣವನ್ನು ಸರ್ಕಾರ ಕೀಟದ ಶತ್ರುಗಳ ಕಡೆಗೆ ತಿರುಗಿಸಿತು. ಚೀನಾದಿಂದ ತಂದ ಪರತಂತ್ರಜೀವಿ ಕಣಜಗಳನ್ನು ೨೦೦೭ರಿಂದಲೇ ಬಿಡತೊಡಗಿದ್ದರು. ಒಂದು ಜಾತಿ ಕೊರಕದ ಮೊಟ್ಟೆಯೊಳಗೇ ತನ್ನ ಮೊಟ್ಟೆಯಿಡುತ್ತದೆ. ಮತ್ತೊಂದು ತೊಗಟೆಯ ಮೂಲಕ ಸೂಜಿಯಂಥ ಅಂಗವನ್ನು ಚುಚ್ಚಿ ಹುಳುವನ್ನು ತಲಪುತ್ತದೆ. ಈ ಸೂಜಿ ಗಿಡ್ಡವಾದುದರಿಂದ ಎಳೆಯ ಮರಗಳಿಗಷ್ಟೇ ಅದರಿಂದ ರಕ್ಷಣೆ. ದಪ್ಪ ತೊಗಟೆಗಾಗಿ ೨೦೧೫ರಲ್ಲಿ ರಷ್ಯದ ಪೂರ್ವಭಾಗದ, ಉದ್ದ ಸೂಜಿಯ ಕಣಜವನ್ನು ಆರಿಸಿಕೊಂಡರು.

ಪಶ್ಚಿಮ ತೀರದ ಆರೆಗಾನ್ ರಾಜ್ಯದವರು ಕೀಟ ತಮ್ಮಲ್ಲಿಗೂ ಬರುವುದೆಂದು ನಿಶ್ಚಯಿಸಿಕೊಂಡು, ೨೦೧೯ರಿಂದಲೇ ತಮ್ಮ ನಾಡಿನ ಆಷ್ ಬೀಜಗಳನ್ನು ಆಯ್ದು ಶೇಖರಿಸತೊಡಗಿದ್ದರು. ೨೦೨೨ರ ಜೂನ್ ತಿಂಗಳಲ್ಲಿ ಫಾರೆಸ್ಟ್ ಗ್ರೋವ್ ಎಂಬ ಊರಿನ ಶಾಲೆಯೊಂದರ ಬಳಿ, ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ಜೀವಶಾಸ್ತ್ರಜ್ಞರೊಬ್ಬರು ಒಣಗುತ್ತಿದ್ದ ಆಷ್ ಮರಗಳತ್ತ ಕಣ್ಣು ಹಾಯಿಸಿದರು. ತೊಗಟೆಯಲ್ಲಿ ಅರ್ಧಚಂದ್ರಾಕಾರದ ರಂಧ್ರಗಳಿದ್ದವು.