ನಿಮಗಿದು ಗೊತ್ತೆ? ಹರಿಗೋಲು ಗಿರಗಿರ ತಿರುಗುವುದೇಕೆ?

ಬೈಲಕುಪ್ಪೆಯ ಆಸುಪಾಸಿನ ಕಾವೇರಿ ಸೀಮೆಗೆ ಹರಿಗೋಲು ಹೊಸದಲ್ಲ. ದುಂಡಗಿನ, ಚಪ್ಪಟೆ ತಳದ ಈ ಬಿದಿರ ದೋಣಿಗೆ ಮೂತಿಯೂ ಇಲ್ಲ, ಚುಕ್ಕಾಣಿಯೂ ಇಲ್ಲ. ಒಂದೇ ಬದಿಗೆ ಹುಟ್ಟು ಹಾಕಿದರೆ ಬುಗುರಿಯಂತೆ ಸುತ್ತುತ್ತದೆ. ಅದಕ್ಕೇ ಅಂಬಿಗರು ಮುಂದೆ ಕುಳಿತು ನೀರನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. ಹರಿಗೋಲು ಹತ್ತುವಾಗ ಇವು ನೆನಪಿರಲಿ:

* ಅಂಚಿನುದ್ದಕ್ಕೂ ಸಮನಾಗಿ ಹಂಚಿ ಕೂರಿ. ಸೆಲ್ಫಿಗೆಂದು ಎಲ್ಲರೂ ಒಂದೇ ಕಡೆ ವಾಲಿದರೆ ಮಗುಚೀತು.
* ಲೈಫ್ ಜಾಕೆಟ್ ತೊಟ್ಟರಷ್ಟೇ ಸಾಲದು, ಪಟ್ಟಿಗಳನ್ನೂ ಬಿಗಿಯಿರಿ.
* ದೋಣಿ ಮಗುಚಿದರೆ ಅದನ್ನೇ ಹಿಡಿದು ತೇಲಿ.
* ಕೂಡಿಗೆಯಲ್ಲಿ ಹಾರಂಗಿಯು ಕಾವೇರಿಯನ್ನು ಸೇರುತ್ತದೆ. ಹಾರಂಗಿ ಅಣೆಕಟ್ಟೆಯಿಂದ ನೀರು ಬಿಟ್ಟರೆ, ಮಳೆಯಿಲ್ಲದ ದಿನವೂ ಕೆಳಗಿನ ಹೊಳೆ ಏರಬಹುದು.
* ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಮರದ ಬೊಡ್ಡೆಗಳಿವೆ, ಮೊಸಳೆಗಳೂ ಇವೆ.

ದೋಣಿ ಹತ್ತುವ ಮೊದಲು ಅಂಬಿಗರ ಮಾತು ಕೇಳಿ.